ಒಂದು ‘ಅಲ್ಲ’ ಬಿಟ್ಟುಹೋಗಿತ್ತಂತೆ!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂದ ನಮ್ಮ ಹಿರಿಯರಿಗೆ ಶ್ವೇತಭವನದ ಪರಿಚಯ ಇರಲಿಲ್ಲ. ಇದ್ದಿದ್ದರೆ ಮುತ್ತಿನ ವಿಷಯ ಹಾಗೇ ಬಿಟ್ಟು ಮಾತಿನ ವಿಷಯವನ್ನು ಸ್ವಲ್ಪ ತಿದ್ದುತ್ತಿದ್ದರು. ಅಲ್ಲಿ ಆಡಿದ ಮಾತು ಹೋಗುವುದಿಲ್ಲ ಸ್ವಾಮಿ, ರಿಪೇರಿಗೆ ಹೋಗುತ್ತದೆ. ಒಂದೆರಡು ದಿನ ಒಳಗಿದ್ದು, ಒಂದಕ್ಷರ ಸೇರಿಸಿಕೊಂಡೋ ಒಂದಕ್ಷರ ಕಳೆದುಕೊಂಡೋ ಮತ್ತೆ ಹೊಸದಾಗಿ ಬೀದಿಗೆ ಬರುತ್ತದೆ.

ನಮ್ಮ ಪುಢಾರಿಗಳಿಗೆ ಇಷ್ಟೆಲ್ಲ ತಾಪತ್ರಯ ಇಲ್ಲ. ಅವರ ಹತ್ತಿರ ಎಲ್ಲ ಕಾಯಿಲೆಗೂ ಒಂದೇ ಮಾತ್ರೆ: ‘ನನ್ನ ಹೇಳಿಕೆಯನ್ನು ಮಾಧ್ಯಮದವರು ತಿರುಚಿದ್ದಾರೆ.’ ಬೆಳಿಗ್ಗೆ ಒಂದು, ರಾತ್ರಿ ಒಂದು, ಊಟಕ್ಕೆ ಮುಂಚೆಯೋ ಆಮೇಲೋ ಹೇಗೆ ತಗೊಂಡರೂ ನಡೆಯುತ್ತದೆ. ಆದರೆ ಮಾತಾಡಿದವರು ಅಮೆರಿಕದ ಅಧ್ಯಕ್ಷರಾಗಿ, ಮಾತು ರಷ್ಯಾದಂಥ ಹಳೇ ಎದುರಾಳಿಯ ಬಗ್ಗೆ ಆಗಿ, ಆ ಎದುರಾಳಿಯೇ ಪಕ್ಕದಲ್ಲಿ ನಿಂತು ನಗುತ್ತಿದ್ದು, ಪ್ರಪಂಚವೆಲ್ಲ ಟೀವಿ ಮುಂದೆ ಕೂತು ನೋಡುತ್ತಿದ್ದರೆ ಈ ಮಾತ್ರೆ ನಾಟುವುದಿಲ್ಲ. ಅಲ್ಲಿ ಹಿಂದಕ್ಕೆ ನಡೆಯುವುದೇ ಒಂದು ದೊಡ್ಡ ವಿದ್ಯೆ. ಮುಖ ಮುಂದಕ್ಕೇ ಇರಬೇಕು, ಕಾಲು ಮಾತ್ರ ಹಿಂದಕ್ಕೆ ಹೋಗಬೇಕು.

ಈ ವಿದ್ಯೆಯ ಭರ್ಜರಿ ಪ್ರದರ್ಶನ ನಡೆದದ್ದು 2018ರ ಜುಲೈನಲ್ಲಿ. ಮಾಡಿದವರು ಡೊನಾಲ್ಡ್ ಟ್ರಂಪ್. ಮತ್ತೆ ಯಾರು ಮಾಡುತ್ತಾರೆ?

ಜಾಗ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿ, ಜುಲೈ 16ರ ಸೋಮವಾರ. ಪುಟಿನ್ ಸಾಹೇಬರು ಹಿಂದಿನ ದಿನವಷ್ಟೇ ಮಾಸ್ಕೋದಲ್ಲಿ ಫುಟ್‌ಬಾಲ್ ವಿಶ್ವಕಪ್ಪಿನ ಫೈನಲ್ ಮುಗಿಸಿದ್ದರು. ಬಹುಮಾನ ಕೊಡುವ ಹೊತ್ತಿಗೆ ಮಳೆ ಹೊಯ್ದು ಫ್ರಾನ್ಸಿನ ಅಧ್ಯಕ್ಷರೂ ಕ್ರೊವೇಷಿಯಾದ ಅಧ್ಯಕ್ಷೆಯೂ ತೊಯ್ದು ತೊಪ್ಪೆಯಾಗುತ್ತಿದ್ದರೆ ಮೊದಲ ಕೊಡೆ ಬಿಚ್ಚಿಕೊಂಡಿದ್ದು ಪುಟಿನ್ ತಲೆಯ ಮೇಲೆ. ಯಾವ ಮಳೆಯಲ್ಲೂ ನೆನೆಯದ ಆಸಾಮಿ ಅಂತ ಅವತ್ತೇ ಗೊತ್ತಾಗಬೇಕಿತ್ತು. ಮರುದಿನ ಹೆಲ್ಸಿಂಕಿಗೆ ತಡವಾಗಿ ಬಂದಿಳಿದರು. ಅಲ್ಲಿನ ದೊಡ್ಡ ಪತ್ರಿಕೆ ಹೆಲ್ಸಿಂಗಿನ್ ಸಾನೊಮಾಟ್‌ನವರು ಕಿಲಾಡಿಗಳು. ವಿಮಾನ ನಿಲ್ದಾಣದಿಂದ ಊರಿಗೆ ಬರುವ ದಾರಿಯಲ್ಲಿ ಇಂಗ್ಲಿಷಿನಲ್ಲೂ ರಷ್ಯನ್ನಿನಲ್ಲೂ ಸುಮಾರು 300 ಜಾಹೀರಾತು ಫಲಕ ನಿಲ್ಲಿಸಿದ್ದರು. ‘ಅಧ್ಯಕ್ಷರೇ, ಪತ್ರಿಕಾ ಸ್ವಾತಂತ್ರ್ಯದ ನಾಡಿಗೆ ಸ್ವಾಗತ’ ಅಂತ ಒಂದು ಫಲಕ. ಬಂದ ಇಬ್ಬರೂ ಪತ್ರಿಕೆಯವರನ್ನು ಕಂಡರೆ ಉರಿದುಬೀಳುವವರೇ. ಕಾರಿನ ಕಿಟಕಿಯಿಂದ ಓದಿಕೊಂಡರೋ ಇಲ್ಲವೋ.

ಇಬ್ಬರೂ ಬರೀ ದುಭಾಷಿಗಳನ್ನು ಕೂರಿಸಿಕೊಂಡು ಬಾಗಿಲು ಹಾಕಿ ಎರಡು ಗಂಟೆ ಹೊತ್ತು ಮಾತಾಡಿದರು. ಹೊರಗೆ ಬಂದು ಸುದ್ದಿಗೋಷ್ಠಿಗೆ ನಿಂತರು. ಪುಟಿನ್ ವಿಶ್ವಕಪ್ಪಿನ ಒಂದು ಚೆಂಡು ತಂದು ‘ಚೆಂಡು ಈಗ ನಿಮ್ಮ ಅಂಗಳದಲ್ಲಿ’ ಅಂತ ಟ್ರಂಪ್ ಕೈಗಿತ್ತರು. ಇವರು ‘ನಮ್ಮ ಮಗ ಬ್ಯಾರನ್‌ಗೆ’ ಅಂತ ಅದನ್ನು ಮುಂದಿನ ಸಾಲಿನಲ್ಲಿದ್ದ ಹೆಂಡತಿಯ ಕಡೆ ಎಸೆದರು. ಅತ್ತ ಅಮೆರಿಕದಲ್ಲಿ ಅವರದೇ ಪಕ್ಷದ ಸೆನೆಟರ್ ಲಿಂಡ್ಸೆ ಗ್ರಹಾಂ, ಆ ಚೆಂಡಿನೊಳಗೆ ಕದ್ದು ಕೇಳುವ ಯಂತ್ರ ಇದೆಯೋ ನೋಡಿ, ಶ್ವೇತಭವನದೊಳಗಂತೂ ಬಿಟ್ಟುಕೊಳ್ಳಬೇಡಿ ಅಂತ ಟ್ವೀಟ್ ಮಾಡಿದರು. ಕದ್ದು ಕೇಳುವುದಕ್ಕೆ ಏನಿತ್ತು ಹೇಳಿ? ಆ ಹೊತ್ತಿಗೆ ಕೇಳಬಾರದ್ದೆಲ್ಲ ಮೈಕಿನಲ್ಲೇ ಕೇಳಿ ಆಗಿತ್ತು.

ಆಗಿದ್ದಿಷ್ಟು. 2016ರ ಅಮೆರಿಕದ ಚುನಾವಣೆಯಲ್ಲಿ ರಷ್ಯಾ ಕೈಯಾಡಿಸಿತ್ತು ಅಂತ ಅಮೆರಿಕದ ಗುಪ್ತಚರ ಸಂಸ್ಥೆಗಳು ಹೇಳಿ ವರ್ಷವೇ ಕಳೆದಿತ್ತು. ಹೆಲ್ಸಿಂಕಿ ಭೇಟಿಗೆ ಬರೀ ಮೂರು ದಿನ ಮುಂಚೆ ವಿಶೇಷ ತನಿಖಾಧಿಕಾರಿ ರಾಬರ್ಟ್ ಮುಲರ್ ಅವರ ತಂಡ ರಷ್ಯಾದ ಸೇನಾ ಗುಪ್ತಚರ ಸಂಸ್ಥೆಯ 12 ಅಧಿಕಾರಿಗಳ ಮೇಲೆ ಹೆಸರು ಸಮೇತ ದೋಷಾರೋಪ ಹೊರಿಸಿತ್ತು. ಈಗ ಅಸೋಸಿಯೇಟೆಡ್ ಪ್ರೆಸ್ಸಿನ ಜೊನಾಥನ್ ಲೆಮೀರ್ ಎದ್ದು ನೇರವಾಗಿ ಕೇಳಿದರು: ಪುಟಿನ್ ಈಗಷ್ಟೇ ನಮ್ಮದೇನೂ ಇಲ್ಲ ಅಂದರು, ನಿಮ್ಮ ಗುಪ್ತಚರರೆಲ್ಲ ಇದೆ ಅನ್ನುತ್ತಾರೆ, ನೀವು ಯಾರನ್ನು ನಂಬುತ್ತೀರಿ?

ಇಂಥ ಪ್ರಶ್ನೆಗೆ ಯಾವ ಅಧ್ಯಕ್ಷನಾದರೂ ಕಣ್ಣು ಮುಚ್ಚಿಕೊಂಡು ಕೊಡಬಹುದಾದ ಉತ್ತರ ಒಂದೇ. ಟ್ರಂಪ್ ಕಣ್ಣು ಬಿಟ್ಟುಕೊಂಡೇ ಬೇರೆ ಉತ್ತರ ಕೊಟ್ಟರು. ಡೆಮಾಕ್ರಟಿಕ್ ಪಕ್ಷದ ಹ್ಯಾಕ್ ಆದ ಸರ್ವರ್ ಎಲ್ಲಿ ಹೋಯಿತು ಅಂತ ಒಂದು ಸುತ್ತು ಹಾಕಿ ಬಂದು, ನಮ್ಮ ಜನ, ಗುಪ್ತಚರ ಮುಖ್ಯಸ್ಥ ಡ್ಯಾನ್ ಕೋಟ್ಸ್ ಮೊದಲಾದವರು, ರಷ್ಯಾ ಅಂತಾರೆ. ಇಲ್ಲಿ ಪುಟಿನ್ ಇದ್ದಾರೆ, ಈಗಷ್ಟೇ ರಷ್ಯಾ ಅಲ್ಲ ಅಂದರು. ನಾನು ಹೇಳುವುದಿಷ್ಟು, ಅದು ರಷ್ಯಾವೇ ಆಗಿರಲು ನನಗೇನೂ ಕಾರಣ ಕಾಣುತ್ತಿಲ್ಲ ಅಂದುಬಿಟ್ಟರು. ಇಷ್ಟಕ್ಕೇ ಬಿಡಲಿಲ್ಲ. ಪುಟಿನ್ ಇವತ್ತು ಬಹಳ ಗಟ್ಟಿಯಾಗಿ, ಬಲವಾಗಿ ಅಲ್ಲಗಳೆದರು ಅಂತ ಒಂದು ಶಿಫಾರಸು ಪತ್ರವನ್ನೂ ಜೊತೆಗೆ ಕೊಟ್ಟರು. ಗಟ್ಟಿಯಾಗಿ ಅಲ್ಲ ಅಂದವನನ್ನೆಲ್ಲ ಬಿಟ್ಟುಬಿಡುವುದಾದರೆ ನಮ್ಮ ಪೊಲೀಸ್ ಠಾಣೆಗಳನ್ನೆಲ್ಲ ಮುಚ್ಚಿ ಕಲ್ಯಾಣ ಮಂಟಪ ಮಾಡಬಹುದು.

ಗದ್ದಲ ಅಂದರೆ ಅದು ಗದ್ದಲ. ವಿರೋಧ ಪಕ್ಷದವರು ಕೂಗಾಡಿದ್ದರಲ್ಲಿ ವಿಶೇಷ ಇಲ್ಲ, ಅದು ಅವರ ದಿನಗೆಲಸ. ಅಧ್ಯಕ್ಷರದೇ ರಿಪಬ್ಲಿಕನ್ ಪಕ್ಷದ ಜಾನ್ ಮೆಕೇನ್, ನೆನಪಿರುವಷ್ಟು ಕಾಲದಲ್ಲಿ ಅಮೆರಿಕದ ಅಧ್ಯಕ್ಷರೊಬ್ಬರ ಅತ್ಯಂತ ನಾಚಿಕೆಗೇಡಿನ ವರ್ತನೆಗಳಲ್ಲಿ ಇದೂ ಒಂದು ಅಂದರು. ಟ್ರಂಪ್ ಏನು ಮಾಡಿದರೂ ತಲೆದೂಗುತ್ತಿದ್ದ ನ್ಯೂಟ್ ಗಿಂಗ್ರಿಚ್ ಕೂಡ, ಇದು ಈ ಅಧ್ಯಕ್ಷಗಿರಿಯ ಅತ್ಯಂತ ಗಂಭೀರ ತಪ್ಪು, ಕೂಡಲೇ ಸರಿಪಡಿಸಬೇಕು ಅಂದರು. ಸಿಐಎ ಮಾಜಿ ಮುಖ್ಯಸ್ಥ ಜಾನ್ ಬ್ರೆನನ್ ದೇಶದ್ರೋಹ ಅನ್ನುವ ಮಟ್ಟಕ್ಕೇ ಹೋದರು. ಆ ಪದದ ಅರ್ಥ ನೋಡಲಿಕ್ಕೆ ಜನ ಮೆರಿಯಮ್-ವೆಬ್‌ಸ್ಟರ್ ನಿಘಂಟಿಗೆ ಮುಗಿಬಿದ್ದರಂತೆ. ಸಿನಿಮಾದಲ್ಲಿ ಲೋಕವನ್ನೇ ಕಾಪಾಡಿದ ಆರ್ನಾಲ್ಡ್ ಶ್ವಾರ್ಜ್‌ನೆಗರ್ ಒಂದು ವಿಡಿಯೊ ಮಾಡಿ, ಪುಟಿನ್ ಪಕ್ಕ ನೀವು ನೆನೆದ ಶಾವಿಗೆ ಎಳೆಯ ಹಾಗೆ ನಿಂತಿದ್ದಿರಲ್ಲ ಅಂತ ಹಂಗಿಸಿದರು.

ಈ ಗಲಾಟೆಯಲ್ಲಿ ಒಂದು ಸಂಗತಿ ಗಮನಿಸಿ. ಮಾತು ಯಾರ ಬಗ್ಗೆ ಇತ್ತೋ ಆ ರಷ್ಯಾದವರಿಂದ ಒಂದು ದೂರೂ ಇಲ್ಲ. ಅವರೇಕೆ ದೂರುತ್ತಾರೆ? ಅವರ ವಿದೇಶಾಂಗ ಸಚಿವ ಸೆರ್ಗೆಯ್ ಲಾವ್ರೊವ್ ಭೇಟಿ ಹೇಗಾಯಿತು ಅಂದದ್ದಕ್ಕೆ ‘ಸೂಪರ್‌ಗಿಂತಲೂ ಮೇಲು’ ಅಂದವರು. ಪಂಚಾಯಿತಿ ಪೂರ್ತಿ ಮನೆಯೊಳಗಿನದೇ. ಎದುರಾಳಿ ದೇಶದ ಬಗ್ಗೆ ಅಧ್ಯಕ್ಷರು ಆಡುವ ಮಾತು ಹೆಸರಿಗೆ ಮಾತ್ರ ಎದುರಾಳಿಯದು. ಅದನ್ನು ಕೇಳಿಸಿಕೊಂಡು ನಿದ್ದೆಗೆಡುವವರೆಲ್ಲ ಅಧ್ಯಕ್ಷರ ಮನೆಯವರೇ. ಮಾತು ವಾಪಸು ಪಡೆದರೂ ಅಷ್ಟೆ, ಅದು ಬೇಕಿರುವುದು ಮನೆಯವರಿಗೆ.

ಮನೆಯವರು ಕಾದರು. ಸೋಮವಾರ ಹೆಲ್ಸಿಂಕಿಯಲ್ಲಿ ಆದ ಮಾತಿಗೆ ಮಂಗಳವಾರ ಮಧ್ಯಾಹ್ನ ವಾಷಿಂಗ್ಟನ್ನಿನಲ್ಲಿ ಸ್ಪಷ್ಟನೆ ಬರುವ ತನಕ ಒಂದು ದಿನದ ಮೇಲೆ ಹಿಡಿಯಿತು. ಈ ನಡುವೆ ಅಧ್ಯಕ್ಷರೇನು ಮೌನವ್ರತದಲ್ಲಿ ಇರಲಿಲ್ಲ. ಫಾಕ್ಸ್ ನ್ಯೂಸ್‌ನಲ್ಲಿ ಸಂದರ್ಶನ ಕೊಟ್ಟರು, ವಿಮಾನದಿಂದಲೇ ಟ್ವೀಟ್ ಮಾಡಿದರು. ಎಲ್ಲೂ ‘ಅಯ್ಯೋ, ಒಂದಕ್ಷರ ಬಿಟ್ಟುಹೋಯಿತು’ ಅಂತ ತಲೆ ಚಚ್ಚಿಕೊಂಡಿದ್ದಿಲ್ಲ. ಅದೇ ಪ್ರವಾಸದ ಮೊದಲ ಭಾಗದಲ್ಲಿ ಬ್ರಿಟನ್ನಿನ ಪ್ರಧಾನಿ ತೆರೆಸಾ ಮೇ ಅವರನ್ನು ‘ದಿ ಸನ್’ ಪತ್ರಿಕೆಯ ಸಂದರ್ಶನದಲ್ಲಿ ಟೀಕಿಸಿ, ಮರುದಿನ ಅವರ ಪಕ್ಕದಲ್ಲೇ ನಿಂತು ಅದು ಸುಳ್ಳು ಸುದ್ದಿ ಅಂದಿದ್ದರು. ಪತ್ರಿಕೆಯವರ ಹತ್ತಿರ ಧ್ವನಿಮುದ್ರಿಕೆ ಇತ್ತು. ಅಂದರೆ ಕಾಲು ಆಗಲೇ ಹಿಂದಕ್ಕೆ ನಡೆದು ಪಳಗಿತ್ತು.

ಜುಲೈ 17. ಶ್ವೇತಭವನದ ಸಂಪುಟ ಸಭೆಯ ಕೋಣೆ. ಅಧ್ಯಕ್ಷರ ಮುಂದೆ ಬೆರಳಚ್ಚು ಮಾಡಿದ ಹಾಳೆ. ಓದಲು ಶುರುಮಾಡಿ, ಅಮೆರಿಕದ ಮಹಾನ್ ಗುಪ್ತಚರ ಸಂಸ್ಥೆಗಳ ಮೇಲೆ ನನಗೆ ಪೂರ್ಣ ವಿಶ್ವಾಸ ಇದೆ ಅಂದರು ನೋಡಿ, ಫಕ್ಕನೆ ದೀಪ ಹೋಯಿತು. ಸುಳ್ಳಲ್ಲ, ವಿಡಿಯೊ ಇದೆ. ನಮ್ಮಲ್ಲಾದರೆ ‘ಈ ಕರೆಂಟಿನವರ’ ಅಂತ ಬೈದು ಮುಗಿಸುತ್ತಿದ್ದೆವು. ಟ್ರಂಪ್ ತಲೆಯೆತ್ತಿ, ದೀಪ ಆರಿಸಿದರಲ್ಲ, ಇದು ಗುಪ್ತಚರ ಸಂಸ್ಥೆಗಳದ್ದೇ ಕೆಲಸ ಇರಬೇಕು ಅಂದರು. ಎಷ್ಟೇ ಕೋಪ ಇದ್ದರೂ ಒಪ್ಪಿಕೊಳ್ಳಲೇಬೇಕು, ಆ ಎರಡು ದಿನದಲ್ಲಿ ಅವರಾಡಿದ ಅತ್ಯುತ್ತಮ ಮಾತು ಅದು. ಅದಕ್ಕೆ ತಿದ್ದುಪಡಿಯೂ ಬೇಕಾಗಲಿಲ್ಲ.

ದೀಪ ಬಂತು, ಸ್ಪಷ್ಟನೆಯೂ ಬಂತು. ನಾನು ನನ್ನ ಮಾತಿನ ಪ್ರತಿಯನ್ನು ಓದಿ ನೋಡಿದೆ, ಒಂದು ಮುಖ್ಯ ವಾಕ್ಯದಲ್ಲಿ ‘ವುಡೆಂಟ್’ ಅನ್ನುವ ಬದಲು ‘ವುಡ್’ ಅಂದುಬಿಟ್ಟಿದ್ದೇನೆ ಅಂದರು. ‘ರಷ್ಯಾ ಆಗಿರಲು ಕಾರಣ ಕಾಣುತ್ತಿಲ್ಲ’ ಅಂದಿದ್ದು ‘ರಷ್ಯಾ ಆಗಿರದೆ ಇರಲು ಕಾರಣ ಕಾಣುತ್ತಿಲ್ಲ’ ಅಂತ ಆಗಬೇಕಿತ್ತಂತೆ. ಒಂಥರಾ ಎರಡೆರಡು ನಕಾರ ಅಂತ ವ್ಯಾಕರಣವನ್ನೂ ಹೇಳಿಕೊಟ್ಟರು. ಇದನ್ನು ಅಲ್ಲಿ ಸೇರಿಸಿಕೊಳ್ಳಿ, ಎಲ್ಲ ಸ್ಪಷ್ಟವಾಗುತ್ತದೆ ಅಂತ ಪತ್ರಕರ್ತರಿಗೇ ಕೆಲಸ ಒಪ್ಪಿಸಿದರು.

ಸೇರಿಸಿಕೊಂಡು ಓದೋಣ, ಅದಕ್ಕೇನು ದುಡ್ಡು ಕೊಡಬೇಕಾ? ‘ನಮ್ಮ ಜನ ರಷ್ಯಾ ಅಂತಾರೆ. ಇಲ್ಲಿ ಪುಟಿನ್ ಇದ್ದಾರೆ, ರಷ್ಯಾ ಅಲ್ಲ ಅಂದರು. ನಾನು ಹೇಳುವುದಿಷ್ಟು, ರಷ್ಯಾ ಆಗಿರದೆ ಇರಲು ನನಗೇನೂ ಕಾರಣ ಕಾಣುತ್ತಿಲ್ಲ.’ ಅಂದರೆ ಪಕ್ಕದಲ್ಲಿ ನಿಂತ ಅತಿಥಿಯನ್ನು, ಅವನು ಅಲ್ಲ ಅಂದ ಮರುಗಳಿಗೆಯಲ್ಲೇ, ಸುಳ್ಳುಗಾರ ಅಂದ ಹಾಗಾಯಿತು. ಅಂದ ಮೇಲೆ ಅದರ ಬೆನ್ನಿಗೇ ಅವನ ಅಲ್ಲಗಳೆಯುವಿಕೆ ಎಷ್ಟು ಬಲವಾಗಿತ್ತು ಅಂತ ಹೊಗಳಿದ್ದು ಯಾಕೆ? ಗೋಡೆಯ ಒಂದು ಇಟ್ಟಿಗೆ ತೆಗೆದು ತಿರುವಿ ಇಟ್ಟರೆ ಮನೆಯ ಬಾಗಿಲು ಬೇರೆ ದಿಕ್ಕಿಗೆ ತಿರುಗುತ್ತದೆಯೇ? ಅಧ್ಯಕ್ಷರಿಗೂ ಪೂರ್ತಿ ಮನಸ್ಸಿರಲಿಲ್ಲ ಅಂತ ಕಾಣುತ್ತದೆ. ರಷ್ಯಾ ಮೂಗು ತೂರಿಸಿತ್ತು ಅನ್ನುವ ಗುಪ್ತಚರರ ತೀರ್ಮಾನ ಒಪ್ಪುತ್ತೇನೆ ಅಂತ ಓದಿ, ಹಾಳೆಯಿಂದ ಕಣ್ಣೆತ್ತಿ, ಬೇರೆಯವರೂ ಇರಬಹುದು, ಹೊರಗೆ ತುಂಬಾ ಜನ ಇದ್ದಾರೆ ಅಂತ ಬಾಯಿಂದ ಒಂದು ಸೇರಿಸಿದರು. ಹಾಳೆ ಒಂದು ಹೆಜ್ಜೆ ಹಿಂದಕ್ಕೆ ಹೋದರೆ ಬಾಯಿ ಎರಡು ಹೆಜ್ಜೆ ಮುಂದಕ್ಕೆ.

ಆ ಹಾಳೆಯ ಕತೆ ಇನ್ನೂ ಚೆನ್ನಾಗಿದೆ. ಛಾಯಾಗ್ರಾಹಕರು ಕೈಯಲ್ಲಿದ್ದ ಉದ್ದ ಲೆನ್ಸಿನಿಂದ ಅದನ್ನೇ ಹತ್ತಿರಕ್ಕೆ ತಂದುಕೊಂಡರು. ದಪ್ಪ ಕಪ್ಪು ಪೆನ್ನಿನಲ್ಲಿ ಮೇಲೊಂದು ಸಾಲು ಕೈಬರಹ: ರಷ್ಯಾ ಜೊತೆ ನಾವು ಶಾಮೀಲಾಗಿರಲಿಲ್ಲ ಅಂತ. ಅದರ ಕಾಗುಣಿತದಲ್ಲಿ ಒಂದು ಎಲ್ ಬಿಟ್ಟುಹೋಗಿತ್ತು. ನೋಡಿ, ಅಕ್ಷರ ಬಿಟ್ಟುಹೋಗುವ ತೊಂದರೆ ಅವರಿಗೆ ನಿಜವಾಗಿಯೂ ಇತ್ತು ಅನ್ನುವುದಕ್ಕೆ ಇದ್ದ ಒಂದೇ ಸಾಕ್ಷಿ ಅದು, ಅವರ ವಕೀಲರು ಯಾಕೆ ಬಳಸಿಕೊಳ್ಳಲಿಲ್ಲವೋ. ಕೆಳಗೆ ಇನ್ನೊಂದು ಕಡೆ, ಕೈಯಾಡಿಸಿದವರನ್ನು ನ್ಯಾಯದ ಕಟಕಟೆಗೆ ತರುತ್ತೇವೆ ಅನ್ನುವ ಅರ್ಥದ ಸಾಲಿನ ಮೇಲೆ ಅದೇ ಕಪ್ಪು ಪೆನ್ನಿನ ಗೆರೆ ಎಳೆದಿತ್ತು. ಬರೆದುಕೊಟ್ಟವರು ಏನು ಹೇಳಿಸಬೇಕು ಅಂದುಕೊಂಡಿದ್ದರು, ಹೇಳುವವರು ಏನು ಹೇಳಲಾರೆ ಅಂದರು, ಎರಡೂ ಒಂದೇ ಹಾಳೆಯಲ್ಲಿ.

ಈ ಸ್ಪಷ್ಟನೆಯನ್ನು ಯಾರು ನಂಬಿದರು ಅಂತ ಕೇಳುವುದೇ ತಪ್ಪು ಪ್ರಶ್ನೆ. ವಿರೋಧಿಗಳು ನಂಬಲಿಲ್ಲ, ನಂಬಲಿ ಅಂತ ಹೇಳಿದ್ದೂ ಅಲ್ಲ. ಟ್ವಿಟರಿನಲ್ಲಿ ಎರಡು ದಿನ ಜನ ಎಲ್ಲ ಪ್ರಸಿದ್ಧ ಮಾತುಗಳಿಗೂ ಒಂದೊಂದು ‘ಅಲ್ಲ’ ಸೇರಿಸಿ ಅರ್ಥ ತಿರುಗಿಸಿ ಮಜಾ ತೆಗೆದುಕೊಂಡರು. ಆದರೆ ಸೋಮವಾರ ರಾತ್ರಿ ಎಲ್ಲಿ ಮುಖ ಇಟ್ಟುಕೊಳ್ಳುವುದು ಅಂತ ತಿಳಿಯದೆ ಒದ್ದಾಡಿದ್ದ ರಿಪಬ್ಲಿಕನ್ ಸೆನೆಟರುಗಳಿದ್ದರಲ್ಲ, ಅವರಿಗೆ ಮಂಗಳವಾರ ಸಂಜೆ ಕೂರಲಿಕ್ಕೆ ಒಂದು ಮಣೆ ಸಿಕ್ಕಿತು. ‘ಸ್ಪಷ್ಟಪಡಿಸಿದ್ದಾರಲ್ಲ, ಒಳ್ಳೆಯದಾಯಿತು’ ಅಂತ ಹೇಳಿ ವರದಿಗಾರರನ್ನು ದಾಟಿ ಲಿಫ್ಟ್ ಹತ್ತಬಹುದಾಯಿತು. ಸ್ಪಷ್ಟನೆ ನಂಬುವಂತಿರಬೇಕು ಅಂತ ಏನೂ ಇಲ್ಲ. ಕೇಳಿದವರ ಮುಂದೆ ತಡವರಿಸದೆ ಒಪ್ಪಿಸುವಷ್ಟು ಚಿಕ್ಕದಿದ್ದರೆ ಸಾಕು. ಆ ಲೆಕ್ಕದಲ್ಲಿ ಒಂದೇ ಒಂದು ‘ಅಲ್ಲ’ದ ಸ್ಪಷ್ಟನೆಯನ್ನು ಹೊಸೆದವನಿಗೆ ಭೇಷ್ ಅನ್ನಬೇಕು.

(ಅದೇ ವಾರ ನಮ್ಮಲ್ಲೂ ಇಂಥದ್ದೇ ಒಂದು ನಡೆದಿತ್ತು, ನೆನಪಿದೆಯಾ? ಜುಲೈ 14ರಂದು ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿಯವರು ಬೆಂಗಳೂರಿನಲ್ಲಿ ತಮ್ಮ ಪಕ್ಷದ ಸಭೆಯಲ್ಲಿ ಕಣ್ಣೀರು ಹಾಕಿ, ನೋವೆಲ್ಲ ನುಂಗಿಕೊಂಡು ವಿಷಕಂಠನಾಗಿದ್ದೇನೆ ಅಂದರು. ವಿಷ ಕೊಟ್ಟವರು ಯಾರು ಅಂತ ಇಡೀ ರಾಜ್ಯ ಕಾಂಗ್ರೆಸ್ಸಿನ ಕಡೆ ತಿರುಗಿ ನೋಡಿದ ಮೇಲೆ, ನಾನು ಕಾಂಗ್ರೆಸ್ಸಿನ ಹೆಸರೇ ಎತ್ತಿಲ್ಲವಲ್ಲ ಅಂತಾಯಿತು. ಆದರೆ ಅದು ಎದುರಾಳಿ ದೇಶದ ಬಗ್ಗೆ ಅಲ್ಲ, ಮಿತ್ರಪಕ್ಷದ ಬಗ್ಗೆ. ಮಿತ್ರರ ವಿಷಯದಲ್ಲಿ ಕಷ್ಟ ಇನ್ನೂ ಜಾಸ್ತಿ, ಇರಲಿ.)

ಜುಲೈ 18. ಮತ್ತೆ ಅದೇ ಸಂಪುಟ ಕೋಣೆ. ಎಬಿಸಿಯ ವರದಿಗಾರ್ತಿ ಸಿಸಿಲಿಯಾ ವೇಗಾ ಕೇಳಿದರು: ರಷ್ಯಾ ಈಗಲೂ ಅಮೆರಿಕದ ಮೇಲೆ ಕಣ್ಣಿಟ್ಟಿದೆಯೇ? ಥ್ಯಾಂಕ್ಯೂ, ಇಲ್ಲ ಅಂದರು ಟ್ರಂಪ್. ಇಲ್ಲವೇ ಅಂತ ಆಕೆ ಮತ್ತೆ ಕೇಳಿದರೂ ಇಲ್ಲ. ಅವರದೇ ಗುಪ್ತಚರ ಮುಖ್ಯಸ್ಥ ಡ್ಯಾನ್ ಕೋಟ್ಸ್ ಕೆಲವೇ ದಿನ ಹಿಂದೆ ಅಪಾಯದ ದೀಪ ಮತ್ತೆ ಕೆಂಪಗೆ ಮಿನುಗುತ್ತಿದೆ ಅಂತ ಎಚ್ಚರಿಸಿದ್ದರು. ಈಗೇನು ಗತಿ? ಪತ್ರಿಕಾ ಕಾರ್ಯದರ್ಶಿ ಸಾರಾ ಸ್ಯಾಂಡರ್ಸ್ ಬಂದು ವಿವರಿಸಿದರು: ಅಧ್ಯಕ್ಷರು ‘ಇಲ್ಲ’ ಅಂದಿದ್ದು ರಷ್ಯಾದ ವಿಷಯಕ್ಕಲ್ಲ, ಇನ್ನು ಪ್ರಶ್ನೆ ತೆಗೆದುಕೊಳ್ಳುವುದಿಲ್ಲ ಅನ್ನುವುದಕ್ಕೆ. ಮೊನ್ನೆ ಒಂದು ‘ಅಲ್ಲ’ ಕಡಿಮೆಯಾಗಿತ್ತು, ಇವತ್ತು ಒಂದು ‘ಇಲ್ಲ’ ಜಾಸ್ತಿಯಾಯಿತು. ಲೆಕ್ಕ ಚುಕ್ತಾ.

ಈ ಪತ್ರಿಕಾ ಕಾರ್ಯದರ್ಶಿಗಳನ್ನು ಕಂಡರೆ ಅಯ್ಯೋ ಅನ್ನಿಸುತ್ತದೆ ನನಗೆ. ಬೀಗರ ಮುಂದೆ ಯಜಮಾನರು ಏನೋ ಒದರಿಬಿಟ್ಟಾಗ ಪಂಕ್ತಿಯಿಂದ ಪಂಕ್ತಿಗೆ ಓಡಾಡಿ ‘ಅವರು ಅಂದಿದ್ದು ಹಾಗಲ್ಲ ಕಣ್ರೀ, ಹೀಗೆ’ ಅಂತ ಸಮಾಧಾನ ಮಾಡುವ ಚಿಕ್ಕಮ್ಮಂದಿರ ಕೆಲಸ ಅದು. ಸ್ಯಾಂಡರ್ಸ್ ಅವರ ಆ ವಾರದ ಇನ್ನೊಂದು ಮುತ್ತು ಕೇಳಿ. ಹೆಲ್ಸಿಂಕಿಯಲ್ಲಿ ಪುಟಿನ್ ಒಂದು ವ್ಯವಹಾರ ಮುಂದಿಟ್ಟಿದ್ದರು: ಮುಲರ್ ತಂಡ ನಮ್ಮಲ್ಲಿಗೆ ಬಂದು ಆ 12 ಜನರ ವಿಚಾರಣೆಯನ್ನು ನೋಡಲಿ, ಬದಲಿಗೆ ನಮಗೆ ಬೇಕಾದ ಕೆಲವರನ್ನು ವಿಚಾರಿಸಲು ನಮಗೂ ಅವಕಾಶ ಕೊಡಿ. ಟ್ರಂಪ್ ಅದನ್ನು ಅದ್ಭುತ ಕೊಡುಗೆ ಅಂದಿದ್ದರು. ಆಮೇಲೆ ರಷ್ಯಾದವರ ಪಟ್ಟಿಯಲ್ಲಿ ಅಮೆರಿಕದ ಮಾಜಿ ರಾಯಭಾರಿ ಮೈಕಲ್ ಮೆಕ್‌ಫಾಲ್ ಹೆಸರೂ ಇದೆ ಅಂತ ತಿಳಿದು ವಾಷಿಂಗ್ಟನ್ನಿನವರು ಹೌಹಾರಿದರು. ಜುಲೈ 19ರಂದು ಸ್ಯಾಂಡರ್ಸ್ ಹೇಳಿಕೆ ಬಂತು: ಪುಟಿನ್ ಅದನ್ನು ಪ್ರಾಮಾಣಿಕವಾಗಿಯೇ ಮುಂದಿಟ್ಟರು, ಆದರೆ ಟ್ರಂಪ್ ಒಪ್ಪುವುದಿಲ್ಲ. ಅದೇ ದಿನ ಸೆನೆಟ್ಟು 98–0 ಮತಗಳಿಂದ, ನಮ್ಮ ರಾಜತಾಂತ್ರಿಕರನ್ನು ರಷ್ಯಾದವರ ವಿಚಾರಣೆಗೆ ಒಪ್ಪಿಸಬಾರದು ಅಂತ ನಿರ್ಣಯ ಮಾಡಿತು. ಆ ಸೆನೆಟ್ಟಿನಲ್ಲಿ ಯಾವ ವಿಷಯಕ್ಕಾದರೂ 98 ಜನ ಒಂದು ಕಡೆ ನಿಲ್ಲಬೇಕಾದರೆ ಯಾರಾದರೊಬ್ಬರು ಭಾರಿ ಎಡವಟ್ಟು ಮಾಡಿರಬೇಕು.

ಅದೇ 19ರಂದೇ ಕೊಲೊರಾಡೊದ ಆಸ್ಪೆನ್ನಿನಲ್ಲಿ ಭದ್ರತಾ ವೇದಿಕೆಯ ಗೋಷ್ಠಿ. ಎನ್‌ಬಿಸಿಯ ಆಂಡ್ರಿಯಾ ಮಿಚೆಲ್ ವೇದಿಕೆಯ ಮೇಲೆ ಡ್ಯಾನ್ ಕೋಟ್ಸ್ ಅವರನ್ನು ಸಂದರ್ಶಿಸುತ್ತಿದ್ದಾರೆ. ನಡುವೆ ಆಕೆಗೆ ಒಂದು ಸುದ್ದಿ ಬರುತ್ತದೆ. ಶ್ವೇತಭವನ ಈಗಷ್ಟೇ ಟ್ವೀಟ್ ಮಾಡಿದೆ, ಪುಟಿನ್ ಶರತ್ಕಾಲಕ್ಕೆ ವಾಷಿಂಗ್ಟನ್ನಿಗೆ ಬರುತ್ತಿದ್ದಾರಂತೆ! ದೇಶದ ಗುಪ್ತಚರ ವ್ಯವಸ್ಥೆಗೆಲ್ಲ ಯಜಮಾನರಾದ ಕೋಟ್ಸ್ ಕಿವಿಗೆ ಕೈ ಹಿಡಿದು ಮುಂದಕ್ಕೆ ಬಗ್ಗಿ, ಏನಂದಿರಿ, ಇನ್ನೊಮ್ಮೆ ಹೇಳಿ ಅಂತಾರೆ. ಆಕೆ ಮತ್ತೆ ಹೇಳುತ್ತಾರೆ. ಕೋಟ್ಸ್ ಒಂದು ಉದ್ದ ‘ಓಕೇ’ ಎಳೆದು, ಹಾಗಾದರೆ ವಿಶೇಷವಾಗಿರುತ್ತೆ ಅಂತ ನಗುತ್ತಾರೆ. ಸಭೆಯೆಲ್ಲ ಗೊಳ್ಳೆಂದಿತು. ಎರಡು ದಿನ ಬಿಟ್ಟು ಅವರೂ ಒಂದು ಸ್ಪಷ್ಟನೆ ಹೊರಡಿಸಿದರು, ಅಧ್ಯಕ್ಷರಿಗೆ ಅಗೌರವ ತೋರುವ ಉದ್ದೇಶ ಇರಲಿಲ್ಲ ಅಂತ. ಪುಟಿನ್ ಭೇಟಿಯೂ ಮುಂದಕ್ಕೆ ಹೋಯಿತು. ಜುಲೈ 22ರ ಹೊತ್ತಿಗೆ ಟ್ರಂಪ್ ಟ್ವೀಟ್ ಮಾಡಿ ರಷ್ಯಾ ಕೈಯಾಡಿಸಿದ ಕತೆಯೆಲ್ಲ ದೊಡ್ಡ ಬೋಗಸ್ ಅಂದು ಮೊದಲಿನ ಜಾಗಕ್ಕೇ ಬಂದು ನಿಂತಿದ್ದರು. ಸೇರಿಸಿಕೊಂಡ ‘ಅಲ್ಲ’ದ ಆಯಸ್ಸು ಒಂದು ವಾರ ಕೂಡ ತುಂಬಲಿಲ್ಲ.

ನನಗೇಕೋ ತಪ್ಪು ಹೆಲ್ಸಿಂಕಿಯ ನೀರಿನಲ್ಲೇ ಇದೆ ಅನ್ನಿಸುತ್ತದೆ. 1976ರ ಅಕ್ಟೋಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಮತ್ತು ಜಿಮ್ಮಿ ಕಾರ್ಟರ್ ನಡುವೆ ಟೀವಿ ಚರ್ಚೆ. ನ್ಯೂಯಾರ್ಕ್ ಟೈಮ್ಸಿನ ಮ್ಯಾಕ್ಸ್ ಫ್ರಾಂಕೆಲ್ ಕೇಳಿದ್ದು ಹಿಂದಿನ ವರ್ಷ ಫೋರ್ಡ್ ಹೆಲ್ಸಿಂಕಿಯಲ್ಲಿ ಸಹಿ ಹಾಕಿ ಬಂದ ಒಪ್ಪಂದದ ಬಗ್ಗೆಯೇ! ಪೂರ್ವ ಯುರೋಪಿನ ಮೇಲೆ ರಷ್ಯನ್ನರ ಯಜಮಾನಿಕೆಯನ್ನು ನಾವು ಒಪ್ಪಿಕೊಂಡ ಹಾಗಾಗಲಿಲ್ಲವೇ ಅಂತ. ಫೋರ್ಡ್ ಹೇಳಿದರು: ಪೂರ್ವ ಯುರೋಪಿನಲ್ಲಿ ಸೋವಿಯತ್ ಯಜಮಾನಿಕೆ ಇಲ್ಲ, ನನ್ನ ಆಡಳಿತದಲ್ಲಿ ಇರುವುದೂ ಇಲ್ಲ. ಫ್ರಾಂಕೆಲ್ ತಮ್ಮ ಕಿವಿಯನ್ನೇ ನಂಬದೆ, ಕ್ಷಮಿಸಿ, ನೀವು ಹೇಳಿದ್ದು ಅಂತ ಇನ್ನೊಂದು ಅವಕಾಶ ಬಟ್ಟಲಲ್ಲಿಟ್ಟು ಕೊಟ್ಟರು. ಫೋರ್ಡ್ ಅದನ್ನು ಪಕ್ಕಕ್ಕೆ ಸರಿಸಿ, ಪೋಲೆಂಡಿನವರು, ರುಮೇನಿಯಾದವರು, ಯುಗೊಸ್ಲಾವಿಯಾದವರು ತಮ್ಮ ಮೇಲೆ ಯಜಮಾನಿಕೆ ಇದೆ ಅಂತ ಅಂದುಕೊಂಡಿಲ್ಲ ಅಂತ ಇನ್ನಷ್ಟು ಆಳಕ್ಕೆ ಇಳಿದರು. ಸೋವಿಯತ್ ಸೈನ್ಯ ಪೋಲೆಂಡಿನಲ್ಲಿ ಬೀಡುಬಿಟ್ಟಿದ್ದ ಕಾಲ ಅದು. ಅವರ ಮನಸ್ಸಿನಲ್ಲಿದ್ದದ್ದು, ಆ ಜನರ ಮನಸ್ಸು ಇನ್ನೂ ಬಗ್ಗಿಲ್ಲ ಅನ್ನುವುದಂತೆ. ಅದನ್ನು ಹಾಗೇ ಹೇಳಿ ಮುಗಿಸದೆ ಹೆಚ್ಚುಕಡಿಮೆ ಒಂದು ವಾರ ಹಟ ಹಿಡಿದರು. ಅಷ್ಟರಲ್ಲಿ ಪೋಲೆಂಡ್ ಮೂಲದ ಅಮೆರಿಕನ್ ಮತದಾರರು ಕೆಂಡವಾಗಿದ್ದರು. ನವೆಂಬರಿನಲ್ಲಿ ಫೋರ್ಡ್ ಸೋತರು. ಇಲ್ಲೂ ನೋಡಿ, ಮಾಸ್ಕೋದಿಂದ ಆಕ್ಷೇಪ ಬರಲಿಲ್ಲ.

ಹಿಂದೆ ಸರಿಯುವ ವಿದ್ಯೆಯಲ್ಲಿ ನಾನು ಮೊದಲ ಬಹುಮಾನ ಕೊಡುವುದು ರೊನಾಲ್ಡ್ ರೇಗನ್‌ಗೆ. ಎಷ್ಟಾದರೂ ಸಿನಿಮಾ ನಟ, ಯಾವ ಸಾಲಿನ ಮೇಲೆ ಎಷ್ಟು ಭಾರ ಹಾಕಬೇಕು ಅಂತ ಗೊತ್ತಿತ್ತು. 1983ರಲ್ಲಿ ಫ್ಲಾರಿಡಾದ ಒರ್ಲ್ಯಾಂಡೊದಲ್ಲಿ ಕ್ರೈಸ್ತ ಪ್ರಚಾರಕರ ಸಭೆಯಲ್ಲಿ ಸೋವಿಯತ್ ಒಕ್ಕೂಟವನ್ನು ದುಷ್ಟ ಸಾಮ್ರಾಜ್ಯ ಅಂದರು. ಮುಂದಿನ ವರ್ಷ ರೇಡಿಯೊ ಭಾಷಣಕ್ಕೆ ಮುಂಚೆ ಮೈಕ್ ಪರೀಕ್ಷೆ ಮಾಡುವಾಗ, ರಷ್ಯಾವನ್ನು ಶಾಶ್ವತವಾಗಿ ನಿಷೇಧಿಸುವ ಕಾನೂನಿಗೆ ಸಹಿ ಹಾಕಿದ್ದೇನೆ, ಇನ್ನು ಐದು ನಿಮಿಷದಲ್ಲಿ ಬಾಂಬ್ ಹಾಕುತ್ತೇವೆ ಅಂತ ತಮಾಷೆ ಮಾಡಿ, ಆ ತಮಾಷೆ ಹೊರಗೆ ಸೋರಿ, ಮಾಸ್ಕೋದವರು ಕೆಂಡ ಕಾರಿದರು. (ಎದುರಾಳಿ ದೂರುವುದೇ ಇಲ್ಲ ಅಂದೆನಲ್ಲ, ಬಾಂಬಿನ ವಿಷಯ ಬಂದರೆ ದೂರುತ್ತಾರೆ.) ಅಂಥ ರೇಗನ್ 1988ರ ಮೇ ಕೊನೆಯಲ್ಲಿ ಗೊರ್ಬಚೆವ್ ಜೊತೆ ಮಾಸ್ಕೋದಲ್ಲಿ ಓಡಾಡುತ್ತಿದ್ದಾಗ ಪತ್ರಕರ್ತರೊಬ್ಬರು ಕೇಳಿಯೇಬಿಟ್ಟರು, ಇದು ಈಗಲೂ ದುಷ್ಟ ಸಾಮ್ರಾಜ್ಯವೇ? ರೇಗನ್ ಅಂದರು, ಇಲ್ಲ, ನಾನು ಹೇಳಿದ್ದು ಇನ್ನೊಂದು ಕಾಲದ, ಇನ್ನೊಂದು ಯುಗದ ಮಾತು. ಅಷ್ಟೇ. ಅಕ್ಷರ ಬಿಟ್ಟುಹೋಯಿತು ಅನ್ನಲಿಲ್ಲ, ತಿರುಚಿದರು ಅನ್ನಲಿಲ್ಲ, ಚಿಕ್ಕಮ್ಮಂದಿರನ್ನು ಓಡಿಸಲಿಲ್ಲ. ತಾವು ನಿಂತಲ್ಲೇ ನಿಂತು ಯುಗವನ್ನೇ ಹಿಂದಕ್ಕೆ ಕಳಿಸಿದರು.

ಬೈಡನ್ ಕಾಲಕ್ಕೆ ಆಟದ ನಿಯಮ ಉಲ್ಟಾ ಆಯಿತು. ಅಧ್ಯಕ್ಷರು ಮುಂದಕ್ಕೆ ನಡೆಯುವುದು, ಸಿಬ್ಬಂದಿ ಹಿಂದಕ್ಕೆ ಎಳೆಯುವುದು. 2022ರ ಮಾರ್ಚ್ 26, ಉಕ್ರೇನ್ ಯುದ್ಧ ಶುರುವಾಗಿ ಒಂದು ತಿಂಗಳು. ವಾರ್ಸಾದ ರಾಜಭವನದ ಅಂಗಳದಲ್ಲಿ ಬೈಡನ್ ಭಾಷಣ. ಬರೆದುಕೊಟ್ಟದ್ದನ್ನು ಚೆನ್ನಾಗಿಯೇ ಓದಿ, ಕೊನೆಯಲ್ಲಿ ಹಾಳೆಯಲ್ಲಿ ಇಲ್ಲದ ಒಂದು ವಾಕ್ಯ ಸೇರಿಸಿದರು. ಇಂಗ್ಲಿಷಿನಲ್ಲಿ ಒಂಬತ್ತೇ ಪದ: ದೇವರಾಣೆಗೂ ಈ ಮನುಷ್ಯ ಅಧಿಕಾರದಲ್ಲಿ ಇರಕೂಡದು. ಕೆಲವೇ ನಿಮಿಷಗಳಲ್ಲಿ ಶ್ವೇತಭವನದ ಅಧಿಕಾರಿಯೊಬ್ಬರ ತೇಪೆ ಬಂತು: ಅಧ್ಯಕ್ಷರ ಮಾತಿನ ಅರ್ಥ, ಪುಟಿನ್ ನೆರೆಯ ದೇಶಗಳ ಮೇಲೆ ಅಧಿಕಾರ ಚಲಾಯಿಸಬಾರದು ಅಂತ; ರಷ್ಯಾದಲ್ಲಿ ಅವರ ಅಧಿಕಾರದ ಬಗ್ಗೆ ಅಲ್ಲ, ಆಡಳಿತ ಬದಲಾವಣೆ ಬಗ್ಗೆಯೂ ಅಲ್ಲ. ಕ್ರೆಮ್ಲಿನ್ನಿನ ವಕ್ತಾರ ಪೆಸ್ಕೊವ್, ಅದನ್ನು ಬೈಡನ್ ತೀರ್ಮಾನಿಸುವುದಲ್ಲ, ರಷ್ಯಾದ ಅಧ್ಯಕ್ಷರನ್ನು ಆರಿಸುವವರು ರಷ್ಯನ್ನರು ಅಂದರು. ಆ ಮಾತಿಗೂ ಒಂದು ತಿದ್ದುಪಡಿ ಬೇಕಿತ್ತು ಅಂತ ನನ್ನ ಅಭಿಪ್ರಾಯ. ಫ್ರಾನ್ಸಿನ ಮ್ಯಾಕ್ರೊನ್, ನಾನಾಗಿದ್ದರೆ ಅಂಥ ಪದ ಬಳಸುತ್ತಿರಲಿಲ್ಲ ಅಂತ ಮೂಗು ಮುರಿದರು.

ಸೋಮವಾರ ಬೈಡನ್ ಪತ್ರಕರ್ತರ ಮುಂದೆ ಬಂದು ನಾನು ಏನನ್ನೂ ವಾಪಸು ಪಡೆಯುತ್ತಿಲ್ಲ ಅಂತ ಗುಡುಗಿದರು. ಅದು ನನ್ನ ನೈತಿಕ ಆಕ್ರೋಶ, ಅದಕ್ಕೆ ಕ್ಷಮೆ ಕೇಳುವುದಿಲ್ಲ. ನೀತಿಯೇನೂ ಬದಲಾಗಿಲ್ಲ ಅಂದರು. ಸಿಬ್ಬಂದಿಯ ಮೇಲೆ ಎಂಥ ಸಿಡಿಮಿಡಿ ಅಂದುಕೊಳ್ಳುವಷ್ಟರಲ್ಲಿ ಉದ್ದ ಲೆನ್ಸಿನವರು ಮತ್ತೆ ತಮ್ಮ ಕೆಲಸ ಮಾಡಿದ್ದರು. ಅಧ್ಯಕ್ಷರ ಅಂಗೈಯಲ್ಲಿ ಒಂದು ಪುಟ್ಟ ಕಾರ್ಡು. ಪುಟಿನ್ ಬಗ್ಗೆ ಬರಬಹುದಾದ ಬಿಗಿ ಪ್ರಶ್ನೆಗಳು, ಕೆಳಗೆ ಉತ್ತರಗಳು: ಅದು ನನ್ನ ನೈತಿಕ ಆಕ್ರೋಶ, ನೀತಿ ಬದಲಾವಣೆ ಅಲ್ಲ. ಟ್ರಂಪ್ ಹಾಳೆಯ ಮೇಲಾದರೂ ಸ್ವಂತ ಕೈಬರಹ ಇತ್ತು, ಕಾಗುಣಿತ ಹೇಗೇ ಇರಲಿ. ಬೈಡನ್‌ರ ಆಕ್ರೋಶವನ್ನೂ ಯಾರೋ ಬೆರಳಚ್ಚು ಮಾಡಿಕೊಟ್ಟಿದ್ದರು.

ಇಷ್ಟಾದ ಮೇಲೂ ಬೈಡನ್ ಕಲಿಯಲಿಲ್ಲ, ಅಥವಾ ಕಲಿಯಬೇಕಾದ್ದೇನೂ ಇಲ್ಲ ಅಂತ ಅವರ ಲೆಕ್ಕ. 2023ರ ಜೂನಿನಲ್ಲಿ ವಿದೇಶಾಂಗ ಸಚಿವ ಆಂಟನಿ ಬ್ಲಿಂಕನ್ ಬೀಜಿಂಗಿಗೆ ಹೋಗಿ, ಷಿ ಜಿನ್‌ಪಿಂಗ್ ಕೈಕುಲುಕಿ, ಹಳಸಿದ ಸಂಬಂಧಕ್ಕೆ ಒಗ್ಗರಣೆ ಹಾಕಿ ಬಂದರು. ಮರುದಿನವೇ ಕ್ಯಾಲಿಫೋರ್ನಿಯಾದ ಒಂದು ನಿಧಿಸಂಗ್ರಹ ಕೂಟದಲ್ಲಿ ಬೈಡನ್ ಷಿ ಅವರನ್ನು ಸರ್ವಾಧಿಕಾರಿಗಳ ಸಾಲಿಗೆ ಸೇರಿಸಿದರು. ಚೀನಾ ರೇಗಿತು. ಐದು ತಿಂಗಳು ಬೆವರು ಸುರಿಸಿ ನವೆಂಬರ್ 15ರಂದು ಕ್ಯಾಲಿಫೋರ್ನಿಯಾದ ವುಡ್‌ಸೈಡಿನಲ್ಲಿ ಇಬ್ಬರನ್ನೂ ಕೂರಿಸಿ ನಾಲ್ಕು ಗಂಟೆ ಮಾತಾಡಿಸಿದರು, ತೋಟದಲ್ಲಿ ಅಡ್ಡಾಡಿಸಿದರು, ಫೋಟೊ ತೆಗೆಸಿದರು. ಎಲ್ಲ ಸುಸೂತ್ರ. ಬೈಡನ್ ಸುದ್ದಿಗೋಷ್ಠಿ ಮುಗಿಸಿ ಹೊರಟ ಹೊತ್ತಿಗೆ ಹಿಂದಿನಿಂದ ಒಂದು ಪ್ರಶ್ನೆ: ಈಗಲೂ ಷಿ ಅವರನ್ನು ಸರ್ವಾಧಿಕಾರಿ ಅನ್ನುತ್ತೀರಾ? ಬೈಡನ್ ನಿಂತರು. ನೋಡಿ, ಅವರು ಹೌದಲ್ಲ ಅಂದರು.

ಕ್ಯಾಮೆರಾ ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಬ್ಲಿಂಕನ್ ಮುಖದ ಮೇಲಿತ್ತು. ತುಟಿ ಒಳಕ್ಕೆ, ರೆಪ್ಪೆ ಪಟಪಟ, ಕೂತಲ್ಲೇ ಮೈ ಒಂದಿಷ್ಟು ಕುಗ್ಗಿತು. ಆ ಕೆಲವು ಸೆಕೆಂಡುಗಳ ವಿಡಿಯೊವನ್ನು ಜಗತ್ತು ಎಷ್ಟು ಸಲ ತಿರುಗಿಸಿ ನೋಡಿತೋ. ಮರುದಿನ ಟೀವಿಯವರು ಅವರನ್ನೇ ಹಿಡಿದು ಕೇಳಿದರು. ಬ್ಲಿಂಕನ್ ಅಷ್ಟರಲ್ಲಿ ಮುಖ ಸರಿಮಾಡಿಕೊಂಡಿದ್ದರು. ನಮ್ಮದೂ ಅವರದೂ ಎರಡು ಬೇರೆ ವ್ಯವಸ್ಥೆ ಅನ್ನುವುದು ಗುಟ್ಟೇನಲ್ಲ, ಅಧ್ಯಕ್ಷರು ಯಾವಾಗಲೂ ಮುಚ್ಚುಮರೆಯಿಲ್ಲದೆ ಮಾತಾಡುತ್ತಾರೆ, ನಮ್ಮೆಲ್ಲರ ಪರವಾಗಿ ಮಾತಾಡುತ್ತಾರೆ ಅಂದರು.